ಹಾಸನದಲ್ಲಿ ಬೆಳಗ್ಗೆ ಓಡೋ ನಮ್ಮ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ಹಾಸನಕ್ಕೆ ಹೋದ್ಮೇಲೆ ನೀನು ಬೆಳಗ್ಗೆ ಬೇಗ ಎದ್ದು ಓಡಕ್ಕೆ ಶುರು ಮಾಡಿದೀಯ ಅಂತ ಕೇಳಿ ನಂಗೆ ತುಂಬಾ ಖುಷಿ ಆಯ್ತು, ಮನೆಗೆ ಬಂದೋರಿಗೆಲ್ಲ ಹೇಳಿದೀನಿ. ಆದ್ರೆ ಮೊನ್ನೆ ನಿಮ್ಮಪ್ಪ ಫೋನಲ್ಲಿ ಹೇಳಿದ್ದು ಕೇಳಿದ್ಮೇಲೆ ಸ್ವಲ್ಪ ಯೋಚನೆ ಹತ್ಕೊಂಡಿದೆ. ಎದ್ದ ತಕ್ಷಣ ಎರಡು ಲೋಟ ಸ್ಟ್ರಾಂಗ್ ಕಾಫಿ ಗಟಗಟ ಕುಡಿಯೋದು, ಉಸಿರು ಕಟ್ಟೋ ಹಂಗೆ ಓಡೋದು, ವಾಚಲ್ಲಿ ನಿನ್ನೆಗಿಂತ ಟೈಮು ಜಾಸ್ತಿ ಬಂದ್ರೆ ದಿನವೆಲ್ಲ ಮುಖ ಸಪ್ಪೆ ಮಾಡ್ಕೊಳ್ಳೋದು, ಸಂಜೆ ಆರಕ್ಕೆ ಆಫೀಸಲ್ಲಿ ಸುಸ್ತು ಅಂತ ಮತ್ತೆ ಕಾಫಿ, ಆಮೇಲೆ ರಾತ್ರಿ ನಿದ್ದೆ ಬರಲ್ಲ. ಓಡ್ಬೇಡ ಅಂತ ನಾನು ಹೇಳಲ್ಲ, ಕಾಫಿ ಬಿಡು ಅಂತ ಅಂತೂ ಚಿಕ್ಕಮಗಳೂರಲ್ಲಿ ಕೂತು ಹೇಳೋಕಾಗುತ್ತಾ. ಎರಡೂ ಬೆಳಗಿನ ಸುಖ ಕಣೇ, ಒಂದನ್ನ ಇನ್ನೊಂದಕ್ಕೆ ಚಾಟಿ ಮಾಡ್ಕೋಬೇಡ, ಇಷ್ಟೇ ನಾನು ಹೇಳ್ಬೇಕಾಗಿರೋದು.

ಮೊದಲು ಮಾಡೋ ಕ್ರಮ ಬದಲಾಯ್ಸು. ಎದ್ದು ಮುಖ ತೊಳ್ಕೊಂಡು ಒಂದು ಲೋಟ ನೀರು ಕುಡಿ. ನೀರು ಕಾಯಕ್ಕಿಟ್ಟು ಫಿಲ್ಟರ್ ತಗೋ, ಮೇಲಿನ ಡಬ್ಬಿಗೆ ಪುಡಿ ಹಾಕಿ ಸಮ ಮಾಡಿ ಒತ್ತೋ ಬಿಲ್ಲೆ ಇಡು, ಜೋರಾಗಿ ಅದುಮ್ಬೇಡ, ಅದುಮಿದ್ರೆ ನೀರು ಇಳಿಯಲ್ಲ, ತೀರಾ ಸಡಿಲ ಬಿಟ್ರೆ ಸರ್ರನೆ ಇಳಿದು ಡಿಕಾಕ್ಷನ್ ತೆಳ್ಳಗಾಗುತ್ತೆ. ಮರಳೋ ನೀರು ಸುತ್ತ ಹುಯ್ದು ಮುಚ್ಚಳ ಮುಚ್ಚಿ ಶೂ ಕಟ್ಕೊಂಡು ಹೊರಡು. ನೀನು ಓಡಿ ಬರೋ ಹೊತ್ತಿಗೆ ಅದು ಹನಿ ಹನಿಯಾಗಿ ಪೂರ್ತಿ ಇಳಿದಿರುತ್ತೆ. ಬಂದು ಬೆವರು ಆರಿಸ್ಕೊಂಡು ಹಾಲು ಮಾತ್ರ ಕಾಯ್ಸು, ಡಿಕಾಕ್ಷನ್ನ ಒಲೆ ಮೇಲೆ ಇಡ್ಬೇಡ, ಕುದಿಸಿದ್ರೆ ಕಹಿ ಬರುತ್ತೆ. ಆಮೇಲೆ ಫೋನ್ ಪಕ್ಕಕ್ಕಿಟ್ಟು ಕೂತ್ಕೊಂಡು ಕುಡಿ. ಓಡಿ ಬಂದ ಮೈಗೆ ಆ ಮೊದಲನೇ ಗುಟುಕು ಎಷ್ಟು ಹಿತ ಅಂತ ನಿಂಗೇ ಗೊತ್ತಾಗುತ್ತೆ, ಅದಕ್ಕೋಸ್ಕರನೇ ಮಾರನೇ ದಿನ ಎದ್ದು ಓಡ್ತೀಯ ನೋಡು.

ಓಟಕ್ಕೆ ಮುಂಚೆ ಕುಡಿಯೋದು ತಪ್ಪೇನಲ್ಲ. ದೊಡ್ಡ ದೊಡ್ಡ ಓಟಗಾರರೇ ಕುಡೀತಾರೆ, ಕಾಫಿಲಿರೋ ಕೆಫೀನನ್ನ ನಿಷೇಧದ ಪಟ್ಟಿಯಿಂದ ವಾಡಾದವರು, ಅಂದ್ರೆ ಆಟಗಾರರು ಉದ್ದೀಪನ ಮದ್ದು ತಗೊಳ್ದಂಗೆ ನೋಡ್ಕೊಳ್ಳೋ ಸಂಸ್ಥೆಯವರು, 2004ರಲ್ಲೇ ತೆಗ್ದಿದಾರೆ. ಮೆದುಳಲ್ಲಿ ಸುಸ್ತು ಅನ್ನೋ ಸುದ್ದಿ ಮುಟ್ಟಿಸೋ ಅಡಿನೋಸಿನ್ ಅಂತ ಒಂದಿದೆ, ಕೆಫೀನು ಅದು ಕೂರೋ ಜಾಗದಲ್ಲಿ ತಾನು ಹೋಗಿ ಕೂತ್ಕೊಳ್ಳುತ್ತೆ, ಹಂಗಾಗಿ ಸುಸ್ತು ಗೊತ್ತಾಗಲ್ಲ, ಆದ್ರೆ ಸುಸ್ತು ಎಲ್ಲೂ ಹೋಗಿರಲ್ಲ ಮಗಾ. ಅದರ ಜೋರು ಏರೋಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು, ಅದಕ್ಕೆ ಕುಡಿದ ತಕ್ಷಣ ಓಡಿದ್ರೆ ಓಟಕ್ಕೂ ಅಷ್ಟು ಉಪಯೋಗ ಇಲ್ಲ, ನಡು ರೋಡಲ್ಲಿ ಹೊಟ್ಟೆ ಬೇರೆ ಕರೆಯುತ್ತೆ. ಯಾವಾಗ್ಲಾದ್ರೂ ರೇಸ್ ಇದ್ರೆ ಒಂದು ಗಂಟೆ ಮುಂಚೆ ಒಂದು ಸಣ್ಣ ಲೋಟ ಕುಡ್ಕೊಂಡು ಹೋಗು, ದಿನಾ ಬೇಡ.

ಸಂಜೆ ಕಾಫಿ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ಕುಡಿದ ಕೆಫೀನಲ್ಲಿ ಅರ್ಧ ಮೈಯಿಂದ ಹೋಗೋಕೆ ಸುಮಾರು 5 ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಆರು ಗಂಟೆಗೆ ಕುಡಿದ್ರೆ ಹನ್ನೊಂದಕ್ಕೆ ಅರ್ಧ ಲೋಟ ಒಳಗೇ ಇದ್ದಂಗೆ ಲೆಕ್ಕ, ಇನ್ನು ನಿದ್ದೆ ಎಲ್ಲಿಂದ ಬರ್ಬೇಕು ಹೇಳು. ಓಡಿದ ಕಾಲು ಸರಿ ಹೋಗೋದು ನಿದ್ದೆಲಿ. ನಿದ್ದೆ ಕೆಟ್ರೆ ಬೆಳಗ್ಗೆ ಮತ್ತೆ ಎರಡು ಲೋಟ ಬೇಕಾಗುತ್ತೆ, ಅಲ್ಲಿಗೆ ಅದೇ ಸುತ್ತು. ಮಧ್ಯಾಹ್ನ ಎರಡಾದ್ಮೇಲೆ ಬೇಡ. ಆರೋಗ್ಯವಾಗಿರೋ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್ ತನಕ ತೊಂದರೆ ಇಲ್ಲ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯವರು 2015ರಲ್ಲಿ ಹೇಳಿದಾರೆ, ಆದ್ರೆ ನಿದ್ದೆ ಕೆಡ್ತಿದೆ ಅಂದ್ರೆ ನಿಂಗೆ ಅದಕ್ಕಿಂತ ಕಮ್ಮಿಗೇ ಸಾಕು ಅಂತ ಅರ್ಥ.

ಪುಡಿ ಯಾವ್ದು ತರ್ತೀಯ ಅಂತಾನೂ ನೋಡ್ಕೋ. ಕಾಫಿಲಿ ರೊಬಸ್ಟಾ, ಅರೇಬಿಕಾ ಅಂತ ಎರಡು ಜಾತಿ, ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹತ್ತಿರ ಹತ್ತಿರ ಎರಡರಷ್ಟು ಕೆಫೀನ್ ಇರುತ್ತೆ, ಪುಡಿಗೆ ಬೆರೆಸೋ ಚಿಕೋರಿ ಬೇರಲ್ಲಿ ಕೆಫೀನೇ ಇರಲ್ಲ, ಬಣ್ಣ ಗಟ್ಟಿ ಕೊಡುತ್ತೆ ಅಷ್ಟೇ. ಅಂಗಡಿ ಪುಡಿ ಕಪ್ಪಗಿದೆ ಅಂತ ಸ್ಟ್ರಾಂಗ್ ಅನ್ಕೋಬೇಡ, ಪ್ಯಾಕೆಟ್ ಮೇಲೆ ಚಿಕೋರಿ ಎಷ್ಟು ಪರ್ಸೆಂಟ್ ಅಂತ ಬರ್ದಿರುತ್ತೆ ಓದು. ನಮ್ಮನೆ ಅರೇಬಿಕಾ ಹುರಿಸಿ ಪುಡಿ ಮಾಡ್ಸಿ ಈ ವಾರ ಬಸ್ಸಲ್ಲಿ ಕಳಿಸ್ತೀನಿ. ನೀನೂ ಚಿಕ್ಕೋಳಿದ್ದಾಗ ನೋಡಿದೀಯಲ್ಲ, ಹಣ್ಣಾಗಿದ್ದನ್ನ ಮಾತ್ರ ಆರಿಸಿ ಕುಯ್ಯೋದು ಅಂತ ಅದೇ ಗಿಡಕ್ಕೆ ಮೂರು ನಾಲ್ಕು ಸಲ ಬರ್ಬೇಕು, ಕುಯ್ದ ದಿನವೇ ಸಿಪ್ಪೆ ಬಿಡಿಸೋ ಪಲ್ಪರ್‌ಗೆ ಹಾಕ್ಬೇಕು, ತೊಳ್ದು ಕಣದಲ್ಲಿ ಹರವಿ ಕೈಯಾಡಿಸ್ತಾ ಒಣಗಿಸ್ಬೇಕು, ಮೋಡ ಕಂಡ್ರೆ ಓಡಿ ಟಾರ್ಪಾಲ್ ಮುಚ್ಬೇಕು. ಅಷ್ಟು ಜನರ ಕೈ ದಾಟಿ ಬಂದಿದ್ದನ್ನ ನೀನು ಶೂ ಕಟ್ತಾ ನಿಂತ್ಕೊಂಡು ಗಂಟಲಿಗೆ ಸುರ್ಕೊತೀಯ ಅಂದ್ರೆ ನಂಗೆ ನಿಜಕ್ಕೂ ಬೇಜಾರಾಗುತ್ತೆ.

ಇನ್ನು ಓಟ. ಪಕ್ಕದಲ್ಲಿ ಯಾರಾದ್ರೂ ಇದ್ರೆ ಎರಡು ಮಾತು ಪೂರ್ತಿ ಆಡೋಕಾಗ್ಬೇಕು, ಅಷ್ಟು ನಿಧಾನ ಓಡು. ವಾರದಲ್ಲಿ ಒಂದಿನ ಬೇಕಾದ್ರೆ ಜೋರಾಗಿ ಓಡು, ಎರಡು ದಿನ ಪೂರ್ತಿ ಬಿಡು. ವಾಚು ಮನೇಲಿ ಬಿಟ್ಟು ಒಂದು ವಾರ ಓಡಿ ನೋಡು, ಯಾರ ಮನೆ ಮುಂದೆ ಯಾವ ಹೂ ಬಿಟ್ಟಿದೆ, ಯಾವ ಹೋಟೆಲಲ್ಲಿ ಮೊದಲು ಒಲೆ ಹಚ್ತಾರೆ ಎಲ್ಲ ಕಣ್ಣಿಗೆ ಬೀಳುತ್ತೆ. ಸ್ಟೇಡಿಯಂ ಕಡೆ ಹೋದ್ರೆ ಒಳ್ಳೇದು, ಜನ ಇರ್ತಾರೆ. ರೋಡಲ್ಲಿ ಓಡೋದಾದ್ರೆ ಬಲಗಡೆ, ಎದುರು ಬರೋ ಗಾಡಿ ಕಾಣೋ ಹಂಗೆ, ಡಿಸೆಂಬರ್ ಮಂಜಲ್ಲಿ ತಿಳಿ ಬಣ್ಣದ ಬಟ್ಟೆ, ಕಿವಿಗೆ ಇಯರ್‌ಫೋನ್ ಬೇಡ. ನಾಯಿ ಅಟ್ಟಿಸ್ಕೊಂಡು ಬಂದ್ರೆ ಓಡ್ಬೇಡ, ನಿಂತ್ಕೋ, ನಿಧಾನ ನಡ್ಕೊಂಡು ದಾಟು.

ಫ್ರೆಂಡ್ಸ್ ಜೊತೆ ಆಲೂರು, ಸಕಲೇಶಪುರ ಕಡೆ ಹೋಗಿ ತೋಟದ ರೋಡಲ್ಲಿ ಓಡ್ಬೇಕು ಅಂತ ಪ್ಲಾನ್ ಹಾಕಿದೀಯಂತೆ. ಕತ್ತಲೆ ಇರುವಾಗ ಅಲ್ಲಿ ಖಂಡಿತ ಬೇಡ. ಆನೆಗಳು ರಾತ್ರಿ ತೋಟಕ್ಕೆ ಇಳಿದಿದ್ದು ಬೆಳಗಿನ ಜಾವ ರೋಡ್ ದಾಟ್ತಿರುತ್ವೆ, ಮಂಜಲ್ಲಿ ಹತ್ತು ಮಾರು ದೂರದಲ್ಲಿ ನಿಂತಿದ್ರೂ ಕಾಣಲ್ಲ, ತೋಟದ ಕೆಲಸದವರೇ ಎಷ್ಟೋ ಕಡೆ ಜೀವ ಕಳ್ಕೊಂಡಿದಾರೆ. ಹೋಗ್ಲೇಬೇಕು ಅಂದ್ರೆ ಹಿಂದಿನ ದಿನವೇ ಅಲ್ಲಿನವರನ್ನ ಕೇಳಿ, ಚೆನ್ನಾಗಿ ಬಿಸಿಲು ಬಂದ್ಮೇಲೆ, ಗುಂಪಲ್ಲಿ ಹೋಗು. ಇದೊಂದು ಮಾತು ಮೀರ್ಬೇಡ ಪುಟ್ಟಿ.

ಇನ್ನೊಂದು, ತಿಂಡಿ ಜೊತೆಗೇ ಕಾಫಿ ಕುಡಿಯೋ ಅಭ್ಯಾಸ ಬಿಡು. ತಿಂದ ಸೊಪ್ಪು ಕಾಳಲ್ಲಿರೋ ಕಬ್ಬಿಣದ ಅಂಶ ಮೈಗೆ ಹತ್ತೋದನ್ನ ಕಾಫಿ ಕಮ್ಮಿ ಮಾಡುತ್ತೆ, ಕಾಫಿ ಕುಡಿದು ಒಂದು ಗಂಟೆ ಬಿಟ್ಟು ತಿಂಡಿ ತಿನ್ನು. ಓಡೋ ಹೆಣ್ಮಕ್ಕಳಿಗೆ ರಕ್ತ ಕಮ್ಮಿ ಆಗೋದು ಹೊಸದಲ್ಲ, ನಿನ್ನ ಸುಸ್ತಿಗೆ ಅದೇ ಕಾರಣ ಇದ್ರೂ ಇರ್ಬಹುದು, ಕಾಫಿ ಜಾಸ್ತಿ ಮಾಡೋ ಬದಲು ಒಂದ್ಸಲ ಹಿಮೋಗ್ಲೋಬಿನ್ ನೋಡ್ಸು.

ಬರೋ ಭಾನುವಾರ ಇಲ್ಲಿಗೇ ಬಾ. ಗಿರಿ ರೋಡಿಗೆ ಬೇಡ, ರಜೆ ದಿನ ಬರೀ ಗಾಡಿ. ರತ್ನಗಿರಿ ಬೋರೆ ಕಡೆ ಹೋಗೋಣ, ನೀನು ಓಡು, ನಾನು ನಡೀತೀನಿ. ದೊಡ್ಡಮ್ಮ ಕಡುಬು ಮಾಡ್ತಾಳಂತೆ. ಬರ್ತಾ ಆ ರಕ್ತದ ರಿಪೋರ್ಟ್ ತಗೊಂಡ್ಬಾ, ಮರೀಬೇಡ.

ಇಂತಿ ನಿನ್ನ,
ದೊಡ್ಡಪ್ಪ