ಮಣಿಗಳನ್ನು ಬಿಡಿಸಬೇಡಿ, ದೊಡ್ಡಮ್ಮ

ಅಕ್ರಾ, ಘಾನಾ

ಪೂಜ್ಯ ದೊಡ್ಡಮ್ಮನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಮಂಡಿನೋವು ಈಗ ಹೇಗಿದೆ ಎಂದು ತಿಳಿಸಿ.

ಅಜ್ಜಿಯ ಹವಳದ ಸರವನ್ನು ಕರಗಿಸಿ ಬಳೆ ಮಾಡಿಸುವ ಮಾತು ನಡೆದಿದೆ ಎಂದು ಅಣ್ಣ ಫೋನಿನಲ್ಲಿ ಹೇಳಿದ. ಅಂಗಡಿಯವರು ಹವಳ, ಕರಿಮಣಿಗಳನ್ನು ಬಿಡಿಸಿ, ಗುಂಡಿನೊಳಗಿನ ಅರಗನ್ನು ಕಳೆದು, ಉಳಿದ ಚಿನ್ನವನ್ನಷ್ಟೇ ತೂಗುತ್ತಾರೆ. ಮಣಿಗಳಿಗೆ ಬೆಲೆಯಿಲ್ಲವೆಂದು ಕಾಗದದಲ್ಲಿ ಸುತ್ತಿ ಹಿಂದಕ್ಕೆ ಕೊಡುತ್ತಾರೆ. ಆ ಬೆಲೆಯಿಲ್ಲದ ಮಣಿಗಳ ಬಗ್ಗೆಯೇ ಇಷ್ಟು ದೊಡ್ಡ ಪತ್ರ ಬರೆಯುತ್ತಿದ್ದೇನೆ.

ಅಕ್ರಾದಿಂದ ಈಶಾನ್ಯಕ್ಕೆ ಒಡುಮಾಸೆ ಎಂಬ ಊರಿದೆ. ಅಲ್ಲಿಯ ಕ್ರೋಬೊ ಜನ ಒಡೆದ ಬಾಟಲಿಗಳ ಗಾಜನ್ನು ಕುಟ್ಟಿ, ಜರಡಿ ಹಿಡಿದು, ಹಿಟ್ಟಿನಷ್ಟು ನುಣ್ಣಗಾದ ಪುಡಿಯಿಂದ ಮಣಿ ಮಾಡುತ್ತಾರೆ. ಮಣ್ಣಿನ ಅಚ್ಚಿನ ಕುಳಿಗಳಿಗೆ ಬಿಳಿ ಜೇಡಿಮಣ್ಣು ಸವರಿ, ಬಣ್ಣ ಬಣ್ಣದ ಪುಡಿಯನ್ನು ಪದರ ಪದರವಾಗಿ ತುಂಬಿ, ಪ್ರತಿ ಕುಳಿಯ ನಡುವೆ ಮರಗೆಣಸಿನ ಎಲೆಯ ತೊಟ್ಟಿನ ತುಂಡೊಂದನ್ನು ನೆಡುತ್ತಾರೆ. ಹುತ್ತದ ಮಣ್ಣಿನಿಂದ ಕಟ್ಟಿದ ಗೂಡಿನಲ್ಲಿ ಅಚ್ಚನ್ನು ಸುಡುವಾಗ ಗಾಜು ಕರಗಿ ಒಂದಾಗುತ್ತದೆ, ತೊಟ್ಟು ಉರಿದು ಬೂದಿಯಾಗುತ್ತದೆ, ಅದಿದ್ದ ಜಾಗವೇ ದಾರ ಹಾಯುವ ರಂಧ್ರವಾಗುತ್ತದೆ. ಆರಿದ ಮೇಲೆ ಮಣಿಗಳನ್ನು ಮರಳು, ನೀರು ಹಾಕಿ ಕಲ್ಲಿನ ಮೇಲೆ ಉಜ್ಜಿ ನಯಗೊಳಿಸುತ್ತಾರೆ. ಇಷ್ಟು ಸರಳ ಸಾಮಗ್ರಿಯಿಂದ ಇಷ್ಟು ಚೆಲುವಾದದ್ದು ಹುಟ್ಟುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಗು ಹುಟ್ಟಿದಾಗ ಇಲ್ಲಿ ಸೊಂಟಕ್ಕೂ ಮುಂಗೈಗೂ ಮಣಿಯ ಎಳೆ ಕಟ್ಟುತ್ತಾರೆ. ಎಳೆ ಬಿಗಿಯಾಗುತ್ತಾ ಬಂದರೆ ಕೂಸು ಮೈದುಂಬಿಕೊಳ್ಳುತ್ತಿದೆ ಎಂದು ತಾಯಿಗೆ ಸಮಾಧಾನ. ನಮ್ಮಲ್ಲಿ ಉಡಿದಾರವನ್ನೂ ದೃಷ್ಟಿಗೆಂದು ಕರಿಮಣಿಯನ್ನೂ ಕಟ್ಟುವ ಕೈಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಡುಗಿಯರು ಪ್ರಾಯಕ್ಕೆ ಬಂದಾಗ ನಡೆಸುವ ಡಿಪೊ ಎಂಬ ಆಚರಣೆಯಲ್ಲಂತೂ ಮನೆತನದ ಹಳೆಯ ಮಣಿಗಳೆಲ್ಲ ಪೆಟ್ಟಿಗೆಯಿಂದ ಹೊರಗೆ ಬರುತ್ತವೆ. ಕೊರಳು, ಸೊಂಟ, ಕಾಲುಗಳ ತುಂಬ ಅವನ್ನು ತೊಟ್ಟ ಹುಡುಗಿಯನ್ನು ನೋಡಿದರೆ ಆ ಮನೆಯ ಹಿರಿಯರೆಲ್ಲ ಅವಳ ಜೊತೆಗೆ ನಿಂತಿದ್ದಾರೆ ಅನ್ನಿಸುತ್ತದೆ. ತಾಯಿಯಿಂದ ಮಗಳಿಗೆ ಬಂದ ಸವೆದ ಮಣಿಗೆ ಇಲ್ಲಿ ಹೊಸದಕ್ಕಿಂತ ಹೆಚ್ಚಿನ ಗೌರವ. ಬೋಡೊಮ್ ಎಂಬ ದಪ್ಪ ಹಳದಿ ಮಣಿಗಳನ್ನು ಶಕ್ತಿಯುಳ್ಳವೆಂದೇ ನಂಬಿ ಜೋಪಾನ ಮಾಡುತ್ತಾರೆ. ಗಮನಿಸಿ ದೊಡ್ಡಮ್ಮ, ಇದು ಚಿನ್ನ ಬೆಳೆಯುವ ನೆಲ. ಯೂರೋಪಿನವರು ಇದನ್ನು ಚಿನ್ನದ ಕರಾವಳಿ ಎಂದೇ ಕರೆದರು. ಅಂಥ ನಾಡಿನಲ್ಲಿ ಗಾಜಿಗೆ ಈ ಸ್ಥಾನವಿದೆ.

ಕೊಫೊರಿಡುವಾ ಎಂಬ ಊರಿನಲ್ಲಿ ಪ್ರತಿ ಗುರುವಾರ ಮಣಿಗಳ ಸಂತೆ ಸೇರುತ್ತದೆ. ವೆನಿಸ್ಸಿನ ಹಳೆಯ ಗಾಜಿನ ಮಣಿಗಳೂ ಅಲ್ಲಿ ಸಿಗುತ್ತವೆ. ಅಂಥ ಮಣಿಗಳನ್ನು ಕೊಟ್ಟು ಯೂರೋಪಿನ ವರ್ತಕರು ಈ ಕರಾವಳಿಯಿಂದ ಚಿನ್ನ, ದಂತಗಳ ಜೊತೆಗೆ ಮನುಷ್ಯರನ್ನೂ ಕೊಂಡೊಯ್ದರು ಎಂಬುದನ್ನು ನೆನೆದರೆ ಅವುಗಳ ಚೆಲುವನ್ನು ಮನಸಾರೆ ಮೆಚ್ಚಲು ಆಗುವುದಿಲ್ಲ. ನಮ್ಮ ಗುಜರಾತಿನ ಖಂಭಾತದ ಕೆಂಪು ಕಲ್ಲಿನ ಮಣಿಗಳೂ ಶತಮಾನಗಳ ಹಿಂದೆಯೇ ಆಫ್ರಿಕಾಕ್ಕೆ ಬಂದಿದ್ದವು.

ಆದ್ದರಿಂದ ನನ್ನ ಕೋರಿಕೆ ಇಷ್ಟೇ: ಬಳೆಗೆ ಬೇಕಾದ ಹಣವನ್ನು ನಾನು ಕಳುಹಿಸುತ್ತೇನೆ, ಸರವನ್ನು ಅಂಗಡಿಗೆ ಕೊಡಬೇಡಿ. ದಾರ ಜೀರ್ಣವಾಗಿದ್ದರೆ, ಬಿಚ್ಚುವ ಮೊದಲು ಅಣ್ಣನಿಂದ ಫೋಟೊ ತೆಗೆಸಿ, ಹವಳ, ಗುಂಡು, ಕರಿಮಣಿಗಳನ್ನು ಅದೇ ಕ್ರಮದಲ್ಲಿ ಮತ್ತೆ ಪೋಣಿಸಲು ಹೇಳಿ. ಆ ಸರ ಅಜ್ಜಿಗೆ ಯಾರಿಂದ ಬಂತು, ಅವರು ಅದನ್ನು ಯಾವ ಯಾವ ಶುಭಕಾರ್ಯಗಳಿಗೆ ಹಾಕಿಕೊಳ್ಳುತ್ತಿದ್ದರು ಎಂಬುದನ್ನು ನಿಮಗೆ ನೆನಪಿದ್ದಷ್ಟು ಬರೆದು ತಿಳಿಸಿ. ಈಗ ಅದನ್ನು ಬಲ್ಲವರು ನೀವೊಬ್ಬರೇ.

ದೊಡ್ಡಪ್ಪನವರಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು