ನಮ್ಮ ಹೊಲದ ಗುಡ್ಡದ ಬಗ್ಗೆ

ರೇಕ್ಯಾವಿಕ್, ಐಸ್‌ಲ್ಯಾಂಡ್

ಅಪ್ಪಾಜಿ, ಅವ್ವ, ಇಬ್ಬರಿಗೂ ನಮಸ್ಕಾರ.

ನಾನಿಲ್ಲಿ ಆರಾಮಾಗಿದ್ದೇನೆ. ಹೊರಗೆ ಚಳಿ ಜಾಸ್ತಿ, ಮನೆಯೊಳಗೆ ಬೆಚ್ಚಗಿರುತ್ತದೆ. ನೆಲದಡಿಯ ಬಿಸಿನೀರನ್ನೇ ಪೈಪಿನಲ್ಲಿ ಮನೆಮನೆಗೆ ಕೊಡುತ್ತಾರೆ. ಹಾಗಾಗಿ ಚಿಂತೆ ಮಾಡಬೇಡಿ.

ಅಪ್ಪಾಜಿ, ಹೊಲದ ಬದಿಯ ಗುಡ್ಡವನ್ನು ಜಲ್ಲಿ ಕ್ರಷರ್‌ನವರು ಕೇಳುತ್ತಿದ್ದಾರೆ ಎಂದು ಫೋನಿನಲ್ಲಿ ಹೇಳಿದಿರಿ. ‘ಬರೀ ಗುಂಡುಕಲ್ಲು, ಏನೂ ಬೆಳೆಯೋದಿಲ್ಲ’ ಅಂದಿರಿ. ಆ ಮಾತು ಮನಸ್ಸಿನಿಂದ ಹೋಗಲೇ ಇಲ್ಲ. ಅದಕ್ಕೇ ಈ ಪತ್ರ.

ಇಲ್ಲಿ ನೆಲ ಇನ್ನೂ ಹುಟ್ಟುತ್ತಲೇ ಇದೆ. ಭೂಮಿಯ ಹೊರಚಿಪ್ಪಿನ ಎರಡು ದೊಡ್ಡ ಫಲಕಗಳು ಈ ದೇಶದಲ್ಲೇ ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ದೂರ ಸರಿಯುತ್ತವೆ. ಬಿರುಕಿನಿಂದ ಲಾವಾ ಉಕ್ಕಿ, ಆರಿ, ಕರಿಕಲ್ಲಾಗುತ್ತದೆ. ದೊಡ್ಡಕ್ಕನ ಗಂಡನ ಮನೆ ವಿಜಯಪುರದ ಕಡೆಯ ಕರಿಕಲ್ಲೂ ಇದೇ ಜಾತಿಯದು, ಬಸಾಲ್ಟ್. ಅಲ್ಲಿ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಆ ಕಲ್ಲು ಕೊಳೆತು ಪುಡಿಯಾಗಿಯೇ ಅವರ ಎರೆಹೊಲ ಆಗಿದ್ದು.

ಮೊನ್ನೆ ದೋಣಿಯಲ್ಲಿ ಹೋಗಿ ಸುರ್ಟ್ಸೆ ಎಂಬ ದ್ವೀಪವನ್ನು ದೂರದಿಂದ ನೋಡಿದೆ. 1963ರ ನವೆಂಬರಿನಲ್ಲಿ ಸಮುದ್ರದ ತಳದಿಂದ ಉಕ್ಕಿ ಮೇಲೆದ್ದ ದ್ವೀಪ ಅದು. ಅಂದರೆ ಅಪ್ಪಾಜಿ, ನಿಮಗಿಂತ ಚಿಕ್ಕದು! 1967ರಲ್ಲಿ ಲಾವಾ ನಿಂತಾಗ 2.7 ಚದರ ಕಿಲೋಮೀಟರ್ ಇತ್ತು. ಅಲೆಗಳು ಹೊಡೆದು ಹೊಡೆದು ಈಗ ಹತ್ತಿರ ಹತ್ತಿರ ಅರ್ಧ ಉಳಿದಿದೆ. ಮೆತ್ತಗಿನ ಬೂದಿಯ ಭಾಗ ಬೇಗ ತೊಳೆದು ಹೋಯಿತು, ಗಟ್ಟಿ ಲಾವಾ ಇದ್ದಲ್ಲಿ ತಡೆದುಕೊಂಡಿದೆ. ಒಬ್ಬ ಮನುಷ್ಯನ ಆಯಸ್ಸಿನಲ್ಲೇ ನೆಲ ಹುಟ್ಟಿ ಸವೆಯುವುದನ್ನು ಕಂಡು ನನಗೆ ಮಾತೇ ಹೊರಡಲಿಲ್ಲ.

ಈ ದೇಶದ ಅತಿ ಹಳೆಯ ಕಲ್ಲಿಗೆ ಸುಮಾರು 1.6 ಕೋಟಿ ವರ್ಷ. ನಮ್ಮ ಆನೆಗೊಂದಿ, ಹಂಪಿ ಕಡೆಯ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ! ಅವ್ವಾ, ವಾಲಿ ಸುಗ್ರೀವರು ಜಗಳದಲ್ಲಿ ಎಸೆದಾಡಿದ ಬಂಡೆಗಳು ಎಂದು ನೀನು ಕಥೆ ಹೇಳುತ್ತಿದ್ದೆ. ಆ ಕಥೆ ನನಗೆ ಈಗಲೂ ಇಷ್ಟ. ಆದರೆ ಕಲ್ಲು ನಡೆದ ದಾರಿಯೂ ಅಷ್ಟೇ ದೊಡ್ಡದು. ಅದು ಮೇಲೆ ಹರಿದ ಲಾವಾ ಅಲ್ಲ. ಕಿಲೋಮೀಟರ್‌ಗಟ್ಟಲೆ ಆಳದಲ್ಲಿ ನಿಧಾನವಾಗಿ ಆರಿದ ಕಲ್ಲು. ಅದಕ್ಕೇ ಅದರೊಳಗೆ ಗುಲಾಬಿ, ಬಿಳಿ ಹರಳುಗಳು ಕಣ್ಣಿಗೆ ಕಾಣುವಷ್ಟು ದೊಡ್ಡವು. ಅದರ ಮೇಲಿದ್ದ ನೆಲವೆಲ್ಲ ಮಳೆಗೆ, ಹೊಳೆಗೆ ಸವೆದು ಹೋದ ಮೇಲೆಯೇ ನಮ್ಮ ಗುಡ್ಡ ಬಿಸಿಲು ಕಂಡದ್ದು.

ಮೇಲಿನ ಭಾರ ಇಳಿದಂತೆ ಕಲ್ಲು ಬಿರಿಯಿತು. ಅಡ್ಡ, ಉದ್ದ ಬಿರುಕುಗಳು ಬಿದ್ದು ಚೌಕ ಚೌಕವಾಯಿತು. ಬಿರುಕಿನಲ್ಲಿ ನೀರು ಇಳಿಯಿತು. ನೀರು ತಗುಲಿ ಕಲ್ಲಿನ ಕೆಲವು ಹರಳು ಜೇಡಿಯಾಗುತ್ತವೆ. ಮೂಲೆಗೆ ಮೂರು ಕಡೆಯಿಂದ ನೀರಿನ ಹೊಡೆತ, ಮುಖಕ್ಕೆ ಒಂದೇ ಕಡೆಯಿಂದ. ಬೆಲ್ಲದ ಅಚ್ಚನ್ನು ನೀರಿಗೆ ಹಾಕಿದರೆ ಮೂಲೆ ಮೊದಲು ಕರಗುತ್ತದಲ್ಲ, ಹಾಗೆ. ಕೊಳೆತದ್ದು ಗರಸಾಗಿ ತೊಳೆದು ಹೋಯಿತು. ಕೊಳೆಯದ ತಿರುಳು ಗುಂಡಾಗಿ ಇದ್ದಲ್ಲೇ ಉಳಿಯಿತು. ಒಂದರ ಮೇಲೊಂದು ಯಾರೋ ಪೇರಿಸಿಟ್ಟಂತೆ ಕಾಣುತ್ತದೆ. ಯಾರೂ ಪೇರಿಸಿಲ್ಲ, ಸುತ್ತಲಿನದು ಹೋಗಿದೆ ಅಷ್ಟೆ.

ಮಣ್ಣು ತೊಳೆದು ಹೋಗುವುದು ನಿಮಗೆ ನಾನು ಹೇಳಬೇಕಾಗಿಲ್ಲ. 1953ರಲ್ಲಿ ನಮ್ಮ ತುಂಗಭದ್ರಾ (ಟಿ.ಬಿ.) ಡ್ಯಾಮಿಗೆ ನೀರು ನಿಲ್ಲಿಸಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಈಗ ಸುಮಾರು 105. ಉಳಿದ ಜಾಗವೆಲ್ಲ ಹೂಳು. ಮಲೆನಾಡಿನಿಂದ ಹಿಡಿದು ದಾರಿಯುದ್ದದ ಗುಡ್ಡ, ಹೊಲಗಳ ಮಣ್ಣು ಅದು. ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ಎಂದು ನೀವು ಕಾಯುವಾಗ ಈ ಹೂಳೂ ಲೆಕ್ಕಕ್ಕೆ ಬರುತ್ತದೆ, ಅಲ್ವಾ?

ನಮ್ಮ ಗುಡ್ಡದ ಬಿರುಕುಗಳಲ್ಲಿ ಇವತ್ತೂ ಮಳೆನೀರು ಇಳಿಯುತ್ತದೆ. ಬುಡದ ಗರಸು ಅದನ್ನು ಹೀರಿ ಹಿಡಿದುಕೊಳ್ಳುತ್ತದೆ. ನಮ್ಮ ಬಾವಿ ಇರುವುದು ಅದರ ಕೆಳಗೇ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಿ ನಾವೆಲ್ಲ ಊಟಕ್ಕೆ ಕೂರುವುದೂ ಅಲ್ಲೇ. ಸುರ್ಟ್ಸೆಯಂಥ ದ್ವೀಪ ನಾಳೆ ಇನ್ನೊಂದು ಹುಟ್ಟಬಹುದು. ನಮ್ಮ ಗುಡ್ಡವನ್ನು ಸಿಡಿಮದ್ದು ಇಟ್ಟು ಒಡೆದರೆ ಮತ್ತೆ ಬರುವುದಿಲ್ಲ.

ಕ್ರಷರ್‌ನವರಿಗೆ ಇನ್ನೂ ಮಾತು ಕೊಟ್ಟಿಲ್ಲ ಅಂದಿರಲ್ಲ. ದಯವಿಟ್ಟು ಕೊಡಬೇಡಿ, ಅಪ್ಪಾಜಿ. ತಮ್ಮನ ಕಾಲೇಜು ಫೀಸಿಗೆ ದುಡ್ಡು ಬೇಕಾಗಿದೆ ಎಂದು ನನಗೆ ಗೊತ್ತು. ಈ ತಿಂಗಳಿಂದ ನಾನು ಕಳಿಸುತ್ತೇನೆ. ಜನವರಿಯಲ್ಲಿ ಊರಿಗೆ ಬಂದಾಗ ಉಳಿದದ್ದನ್ನು ಕೂತು ಮಾತಾಡೋಣ.

ನಿಮ್ಮ ಮಗಳು