ಒಂದು ಲೀಟರ್ ಎಣ್ಣೆ ಒಂದು ಕೆ.ಜಿ. ತೂಗುವುದಿಲ್ಲ

ಮಾನ್ಯರೇ,

ಒಂದು ಲೀಟರ್ ಅಡುಗೆ ಎಣ್ಣೆಯ ಪ್ಯಾಕೆಟ್ ತೂಗಿದರೆ 910 ಗ್ರಾಂ ಮಾತ್ರ ಬರುತ್ತದೆ, ಉಳಿದ 90 ಗ್ರಾಂ ಕಂಪನಿಯ ಪಾಲಾಗಿದೆ ಎಂಬ ದೂರು ಆಗಾಗ ಕೇಳಿಬರುತ್ತದೆ. ಇದರಲ್ಲಿ ಮೋಸವಿಲ್ಲ. ಲೀಟರ್ ಅಳೆಯುವುದು ವಸ್ತು ಹಿಡಿಯುವ ಜಾಗವನ್ನು, ಅಂದರೆ ಗಾತ್ರವನ್ನು, ಕೆ.ಜಿ. ಅಳೆಯುವುದು ದ್ರವ್ಯರಾಶಿಯನ್ನು. ಎರಡನ್ನೂ ಬೆಸೆಯುವುದು ಸಾಂದ್ರತೆ, ಅಂದರೆ ಒಂದು ಲೀಟರ್ ವಸ್ತು ಎಷ್ಟು ಕೆ.ಜಿ. ತೂಗುತ್ತದೆ ಎಂಬ ಅಂಕಿ. ನೀರಿನ ಸಾಂದ್ರತೆ ಹೆಚ್ಚುಕಡಿಮೆ 1 ಆಗಿರುವುದರಿಂದ ಎರಡೂ ಅಂಕಿ ಒಂದೇ ಬರುತ್ತದೆ, ಆ ರೂಢಿಯನ್ನೇ ನಾವು ಎಲ್ಲದಕ್ಕೂ ಹಚ್ಚುತ್ತೇವೆ. ಶೇಂಗಾ, ಸೂರ್ಯಕಾಂತಿ ಎಣ್ಣೆಗಳದ್ದು ಸುಮಾರು 0.91.

ಗ್ರಾಹಕ ನಿಜವಾಗಿ ನಷ್ಟ ಮಾಡಿಕೊಳ್ಳುವುದು ಬೇರೆ ಕಡೆ. 15 ಕೆ.ಜಿ. ಟಿನ್ ಮತ್ತು 15 ಲೀಟರ್ ಟಿನ್ ನೋಡಲು ಒಂದೇ ಥರ ಇರುತ್ತವೆ. ಆದರೆ 15 ಲೀಟರ್ ಟಿನ್ನಿನಲ್ಲಿರುವುದು 13.65 ಕೆ.ಜಿ. ಎಣ್ಣೆ, 15 ಕೆ.ಜಿ. ಟಿನ್ನಿನಲ್ಲಿ ಸುಮಾರು 16.5 ಲೀಟರ್. ಹೋಟೆಲ್, ಹಾಸ್ಟೆಲ್, ಮದುವೆ ಅಡುಗೆಗೆ ಖರೀದಿಸುವವರು 'ಹದಿನೈದರ ಟಿನ್' ಎಂದಷ್ಟೇ ಕೇಳಿದರೆ ಒಂದು ಟಿನ್ನಿಗೆ 1.35 ಕೆ.ಜಿ. ವ್ಯತ್ಯಾಸವಾಗುತ್ತದೆ. ಸಣ್ಣ ಪ್ಯಾಕೆಟ್ಟಿಗೂ ಇದೇ ಲೆಕ್ಕ. ಲೀಟರಿಗೆ 145 ರೂಪಾಯಿ ಒಂದು ಕಡೆ, ಕೆ.ಜಿ.ಗೆ 155 ರೂಪಾಯಿ ಇನ್ನೊಂದು ಕಡೆ ಇದ್ದರೆ ಮೊದಲನೆಯದೇ ಅಗ್ಗ ಅನ್ನಿಸುತ್ತದೆ. 145ನ್ನು 0.91ರಿಂದ ಭಾಗಿಸಿ ನೋಡಿ: ಕೆ.ಜಿ.ಗೆ 159 ರೂಪಾಯಿ ದಾಟುತ್ತದೆ.

ಲೀಟರನ್ನು ಕೆ.ಜಿ. ಮಾಡಲು ಸಾಂದ್ರತೆಯಿಂದ ಗುಣಿಸಬೇಕು, ಕೆ.ಜಿ.ಯನ್ನು ಲೀಟರ್ ಮಾಡಲು ಭಾಗಿಸಬೇಕು. ತಿರುವುಮುರುವು ಆಯಿತೇ ಎಂಬ ಅನುಮಾನ ಬಂದರೆ ಹೀಗೆ ನೋಡಿ: ನೀರಿನಲ್ಲಿ ತೇಲುವ ದ್ರವಕ್ಕೆ ಕೆ.ಜಿ. ಅಂಕಿ ಲೀಟರಿಗಿಂತ ಚಿಕ್ಕದಾಗಿರಲೇಬೇಕು, ಮುಳುಗುವುದಕ್ಕೆ ದೊಡ್ಡದು. ಜೇನುತುಪ್ಪ ತಳಕ್ಕೆ ಇಳಿಯುತ್ತದೆ, ಸಾಂದ್ರತೆ ಸುಮಾರು 1.4. ಹಾಗಾಗಿ 750 ಮಿ.ಲೀ. ಬಾಟಲಿ ತುಂಬ ಒಳ್ಳೆಯ ಜೇನು ಇದ್ದರೆ ಬಾಟಲಿಯ ತೂಕ ಕಳೆದು ಒಂದು ಕೆ.ಜಿ.ಗಿಂತ ತುಸು ಹೆಚ್ಚೇ ಬರಬೇಕು. ಹಾಲಿನದ್ದು 1.03ರ ಸುಮಾರು. ಕೆ.ಜಿ.ಯಲ್ಲಿ ತೂಗಿ ಲೀಟರಿನಲ್ಲಿ ಬರೆಯುವಾಗ ಭಾಗಾಕಾರ ಮರೆತರೆ ನೂರು ಕೆ.ಜಿ.ಗೆ ಸುಮಾರು ಮೂರು ಲೀಟರ್ ತಪ್ಪುತ್ತದೆ.

ಎಣ್ಣೆಗೆ ಇನ್ನೊಂದು ತೊಡಕಿದೆ, ಅದು ಉಷ್ಣಾಂಶ. ಬಿಸಿಯಾದಂತೆ ಎಣ್ಣೆ ಹಿಗ್ಗುತ್ತದೆ. 21 ಡಿಗ್ರಿಯಲ್ಲಿ ಒಂದು ಲೀಟರ್ ಸೋಯಾ ಎಣ್ಣೆ ಸುಮಾರು 919 ಗ್ರಾಂ ಇದ್ದರೆ, 60 ಡಿಗ್ರಿಯಲ್ಲಿ ಸುಮಾರು 893 ಗ್ರಾಂ. ಲೇಬಲ್ಲಿನಲ್ಲಿ ಹೆಚ್ಚಿನ ಉಷ್ಣಾಂಶ ನಮೂದಿಸಿ ಕಡಿಮೆ ಎಣ್ಣೆ ತುಂಬಲು ದಾರಿಯಿದ್ದದ್ದೇ ಇಲ್ಲಿ. ಉಷ್ಣಾಂಶ ನಮೂದಿಸದೆ ಗಾತ್ರವನ್ನೂ ಅದರ ಜೊತೆಗೆ ತೂಕವನ್ನೂ ಮುದ್ರಿಸಿ ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸೂಚಿಸಿದ್ದು ಸರಿಯಾದ ಕ್ರಮ.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ತುಂಬಿದ ಪ್ಯಾಕೆಟ್ ತೂಗಿ, ಎಣ್ಣೆಯನ್ನು ಪೂರ್ತಿ ಬಸಿದ ಮೇಲೆ ಖಾಲಿ ಕವರ್ ತೂಗಿ ಕಳೆಯಿರಿ. ಬಂದದ್ದನ್ನು ಮುದ್ರಿತ ಗ್ರಾಂ ಅಂಕಿಯೊಂದಿಗೆ ಹೋಲಿಸಿ, ಸಾವಿರದೊಂದಿಗಲ್ಲ. ಒಂದೇ ಪ್ಯಾಕೆಟ್ಟಿನಲ್ಲಿ ಹತ್ತು ಹದಿನೈದು ಗ್ರಾಂ ಏರುಪೇರು ಸಹಜ, ನಿಯಮವೂ ಅದನ್ನು ಒಪ್ಪುತ್ತದೆ. ನಾಲ್ಕಾರು ಪ್ಯಾಕೆಟ್ಟುಗಳಲ್ಲೂ ಕಡಿಮೆಯೇ ಬಂದರೆ ಬಿಲ್ಲಿನ ಸಮೇತ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬೇಕು.

ಹಾಗೆಯೇ 850 ಗ್ರಾಂನಂಥ ಪ್ಯಾಕೆಟ್ ಲೀಟರ್ ಪ್ಯಾಕೆಟ್ಟಿನಷ್ಟೇ ದಪ್ಪ ಕಾಣುತ್ತದೆ. ಅದರಲ್ಲಿರುವುದು ಸುಮಾರು 934 ಮಿ.ಲೀ. ಪ್ಯಾಕೆಟ್ಟಾಗಲಿ ಟಿನ್ನಾಗಲಿ, ಗಾತ್ರ ಮತ್ತು ತೂಕ ಎರಡನ್ನೂ ಮುಂಭಾಗದಲ್ಲಿ, ಒಂದೇ ಅಳತೆಯ ದಪ್ಪ ಅಂಕಿಗಳಲ್ಲಿ ಮುದ್ರಿಸುವುದನ್ನು ಸರ್ಕಾರ ಕಡ್ಡಾಯ ಮಾಡಬೇಕು. ಅಂಗಡಿಗಳ ದರಪಟ್ಟಿಯಲ್ಲಿ ಎಲ್ಲ ಎಣ್ಣೆಗಳ ಬೆಲೆಯೂ ಕೆ.ಜಿ. ಲೆಕ್ಕದಲ್ಲೇ ಇರಲಿ.

– ವಿಜ್ಞಾನ ಶಿಕ್ಷಕರು, ಹಾಸನ